ನನ್ನ ಉಚ್ಚಾರಣೆಯ ಬಗ್ಗೆ ಕೇಳುತ್ತಿರುವವರಿಗೆ

ಕಾರವಾರದಲ್ಲಿ ನನ್ನನ್ನು ಬಲ್ಲವರಿಗೂ ಶಿರಸಿಯ ಕಡೆಯ ನೆಂಟರಿಷ್ಟರಿಗೂ ಒಂದು ವಿಷಯವನ್ನು ನೇರವಾಗಿ ತಿಳಿಸಬೇಕಾಗಿದೆ. ಪಾರ್ಶ್ವವಾಯುವಿನ ನಂತರ ನನ್ನ ಮಾತಿನ ಧಾಟಿ ಬದಲಾಗಿದೆ. ಕೈಕಾಲಿನ ಬಲ ಮರಳಿತು, ಪದಗಳೂ ಮರಳಿದವು, ಆದರೆ ಅವು ಮೊದಲಿನ ರಾಗದಲ್ಲಿ ಹೊರಡುತ್ತಿಲ್ಲ. ಕೆಲವರ ಕಿವಿಗೆ ನಾನು ಕೇರಳದವಳು, ಇನ್ನು ಕೆಲವರಿಗೆ ಹೊರದೇಶದಲ್ಲಿ ಬೆಳೆದು ತಡವಾಗಿ ಕನ್ನಡ ಕಲಿತವಳು. ವೈದ್ಯರು ಇದನ್ನು ಫಾರಿನ್ ಆಕ್ಸೆಂಟ್ ಸಿಂಡ್ರೋಮ್ ಎನ್ನುತ್ತಾರೆ. ನಾನು ಯಾರನ್ನೂ ಅನುಕರಿಸುತ್ತಿಲ್ಲ, ನನ್ನ ಮೈಮೇಲೆ ಏನೂ ಬಂದಿಲ್ಲ. ಎಲ್ಲಿಯಾದರೂ ದೇವರ ಪಾತ್ರಿಯ ಬಳಿ ನೋಟ ಕೇಳಿಸು ಎಂದು ಕಾಳಜಿಯಿಂದ ಹೇಳಿದ ಹಿರಿಯರಿಗೆ ಗೌರವದಿಂದಲೇ ತಿಳಿಸುತ್ತೇನೆ, ಕಾರಣ ಮಿದುಳಿನ ಸ್ಕ್ಯಾನಿನಲ್ಲಿ ಕಂಡಿದೆ.

ಒಂದು ವಾಕ್ಯ ಆಡುವಾಗ ತುಟಿ, ನಾಲಗೆ, ದವಡೆ, ಗಂಟಲುಗಳ ಸ್ನಾಯುಗಳೆಲ್ಲ ಕ್ಷಣದ ಸಣ್ಣ ಪಾಲಿನ ಲೆಕ್ಕದಲ್ಲಿ ಹೊಂದಿಕೊಂಡು ಚಲಿಸಬೇಕು. ಅದನ್ನು ನಡೆಸುವ ಮಿದುಳಿನ ಜಾಲಕ್ಕೆ, ಬಹುಪಾಲು ಎಡಭಾಗದಲ್ಲಿ, ಪೆಟ್ಟಾದಾಗ ಸ್ವರ ಎಳೆಯುವ ಅಳತೆ, ಒತ್ತಿನ ಬಿಗಿ, ದನಿಯ ಏರಿಳಿತ ಎಲ್ಲವೂ ತುಸು ತಪ್ಪುತ್ತವೆ. ಹ್ರಸ್ವ ದೀರ್ಘಗಳ ಮೇಲೆಯೇ ಅರ್ಥ ನಿಂತಿರುವ ನಮ್ಮ ಭಾಷೆಯಲ್ಲಿ ಈ ತುಸುವೂ ದೊಡ್ಡದೇ. ನಾನು ಕರು ಎಂದದ್ದು ಕಾರು ಎಂದು ಕೇಳಿಸುತ್ತದೆ, ಹಳ್ಳಿ ಹೋಗಿ ಹಳಿಯಾಗುತ್ತದೆ. ಕೇಳುವವರ ಕಿವಿ ಈ ವ್ಯತ್ಯಾಸಕ್ಕೆ ತನಗೆ ಪರಿಚಯವಿರುವ ಯಾವುದೋ ಪ್ರದೇಶದ ಹೆಸರು ಹಚ್ಚುತ್ತದೆ. ಒಬ್ಬರಿಗೆ ಕೇರಳ, ಮತ್ತೊಬ್ಬರಿಗೆ ಹೊರದೇಶ ಕೇಳಿಸುವುದು ಇದರಿಂದಲೇ. ನನಗೆ ಮಲಯಾಳ ಒಂದಕ್ಷರವೂ ಬಾರದು.

ಇದು ತೀರಾ ಅಪರೂಪದ ತೊಂದರೆಯಾದರೂ ಹೊಸದಲ್ಲ. ಫ್ರಾನ್ಸಿನ ನರವೈದ್ಯ ಪಿಯರ್ ಮರಿ 1907ರಲ್ಲೇ, ಪಾರ್ಶ್ವವಾಯುವಿನ ನಂತರ ಅಲ್ಸೇಸ್ ಪ್ರಾಂತ್ಯದವನಂತೆ ಮಾತಾಡತೊಡಗಿದ ಪ್ಯಾರಿಸ್ಸಿನವನೊಬ್ಬನ ಬಗ್ಗೆ ಬರೆದಿದ್ದರು. ನನ್ನನ್ನು ಹೆಚ್ಚು ಕಲಕಿದ್ದು ನಾರ್ವೆಯ ಯುವತಿಯೊಬ್ಬಳ ಕಥೆ. 1941ರಲ್ಲಿ ಓಸ್ಲೋ ನಗರದ ಮೇಲೆ ಬಾಂಬ್ ದಾಳಿ ನಡೆದಾಗ ಸಿಡಿದ ಚೂರು ಅವಳ ತಲೆಗೆ ಬಡಿಯಿತು. ಬದುಕಿದಳು, ಮಾತೂ ಬಂತು, ಆದರೆ ಅವಳ ನಾರ್ವೇಜಿಯನ್ ಕೇಳಿದವರಿಗೆ ಜರ್ಮನ್ ಹೆಂಗಸು ಮಾತಾಡಿದಂತೆ ತೋರಿತು. ದೇಶ ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಕಾಲವದು; ಅಂಗಡಿಯವರು ಅವಳಿಗೆ ಸಾಮಾನು ಕೊಡಲು ನಿರಾಕರಿಸಿದರು. ವೈದ್ಯ ಮೊನ್ರಾಡ್-ಕ್ರೋನ್ 1947ರಲ್ಲಿ ಅವಳ ಬಗ್ಗೆ ಪ್ರಕಟಿಸಿದ ಲೇಖನ ಇಂದಿಗೂ ಈ ವಿಷಯದ ಮುಖ್ಯ ದಾಖಲೆ. ಮಿದುಳಿಗಾದ ಗಾಯದ ಜೊತೆಗೆ ತನ್ನದೇ ಊರಿನ ಜನರ ಸಂಶಯವನ್ನೂ ಆ ಹೆಣ್ಣುಮಗಳು ಹೊರಬೇಕಾಯಿತು.

ನಮ್ಮ ಜಿಲ್ಲೆಯಲ್ಲಿ ಈ ಎರಡನೆಯ ಭಾರ ಇನ್ನಷ್ಟು ಹೆಚ್ಚು ಎಂಬುದು ನನ್ನ ಅನುಭವ. ಇಲ್ಲಿ ಎರಡು ಮಾತು ಕೇಳಿದರೆ ಸಾಕು, ಘಟ್ಟದ ಮೇಲಿನವರೋ ಕೆಳಗಿನವರೋ, ಹವ್ಯಕರೋ ಹಾಲಕ್ಕಿಗಳೋ, ಭಟ್ಕಳದ ನವಾಯತರೋ, ಸದಾಶಿವಗಡದ ಕಡೆಯ ಕೊಂಕಣಿಯವರೋ ಎಂದು ಗುರುತಿಸಿಬಿಡುತ್ತೇವೆ. ಯಾವ ಊರು, ಯಾರ ಪೈಕಿ ಎಂಬ ಪ್ರಶ್ನೆಗೆ ಅರ್ಧ ಉತ್ತರವನ್ನು ಉಚ್ಚಾರಣೆಯೇ ಕೊಡುತ್ತದೆ. ಆ ಉತ್ತರ ನನ್ನ ಬಾಯಿಂದ ಈಗ ಬರುವುದಿಲ್ಲ. ಒಂದು ಕಚೇರಿಯಲ್ಲಿ ನನ್ನ ವಿಳಾಸವನ್ನು ನಂಬದೆ ಗುರುತಿನ ಚೀಟಿಯನ್ನು ತಿರುತಿರುಗಿಸಿ ನೋಡಿದರು. ಮದುವೆಯೊಂದರಲ್ಲಿ, ಹವ್ಯಕ ಭಾಷೆಯಲ್ಲಿ ಮಾತಾಡಿ ತೋರಿಸು ಎಂದು ದೂರದ ನೆಂಟರು ಮತ್ತೆ ಮತ್ತೆ ಕೇಳಿದಾಗ ಊಟ ಬಿಟ್ಟು ಎದ್ದು ಬಂದೆ. ಕಾಯಿಲೆಯವರಿಂದ ಹೀಗೆ ಪ್ರದರ್ಶನ ಮಾಡಿಸುವುದು ಕ್ರೂರವಾದದ್ದು, ಅದನ್ನು ನಗುತ್ತಾ ಕೇಳಿದರೂ ಕ್ರೂರವೇ.

ಆಸರೆ ಸಿಕ್ಕಿದ್ದು ಬೇರೆ ಬೇರೆ ಕಡೆಯಿಂದ. ವಾಕ್ ಚಿಕಿತ್ಸಕಿಯೊಬ್ಬರು ನನ್ನ ಮಾತನ್ನು ದಾಖಲಿಸಿಕೊಂಡು, ಯಾವ ಸ್ವರ ಎಳೆಯುತ್ತಿದೆ, ಒತ್ತಕ್ಷರ ಎಲ್ಲಿ ಸಡಿಲವಾಗುತ್ತಿದೆ ಎಂದು ತೋರಿಸಿದರು. ಗಟ್ಟಿಯಾಗಿ ಓದುವುದು, ನಿಧಾನವಾಗಿ ಹೇಳುವುದು, ಮತ್ತೆ ಕೇಳಿಸಿಕೊಳ್ಳುವುದು ಈಗ ದಿನಚರಿಯಾಗಿದೆ. ಎಲ್ಲರಿಗೂ ಮೊದಲಿನ ಮಾತು ಮರಳುತ್ತದೆ ಎಂದು ಯಾರೂ ಭರವಸೆ ಕೊಡಲಾರರು, ನನ್ನ ಚಿಕಿತ್ಸಕಿಯೂ ಕೊಟ್ಟಿಲ್ಲ. ಆ ಪ್ರಾಮಾಣಿಕತೆಯಿಂದಲೇ ಅವರ ಮೇಲೆ ನಂಬಿಕೆ ಹುಟ್ಟಿತು. ದೂರದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆನ್‌ಲೈನ್ ಚಿಕಿತ್ಸೆಯ ವ್ಯವಸ್ಥೆ ಇದೆ. ಇನ್ನೊಂದು ಬಗೆಯ ಆಸರೆ ಮೀನು ಮಾರುಕಟ್ಟೆಯಲ್ಲಿ ದೊರೆಯಿತು. ನಾನು ಸದಾ ಬಂಗಡೆ ಕೊಳ್ಳುತ್ತಿದ್ದ ಹೆಂಗಸು ನನ್ನ ಬದಲಾದ ಕೊಂಕಣಿಯನ್ನು ಒಮ್ಮೆ ಪೂರ್ತಿ ಆಲಿಸಿ, ಆರೋಗ್ಯ ಹೇಗಿದೆ ಎಂದು ಕೇಳಿ, ಹಿಂದಿನಂತೆಯೇ ಚೌಕಾಸಿಗೆ ನಿಂತಳು. ನನ್ನ ವಾಕ್ಯವನ್ನು ಅವಳು ನಡುವೆ ತುಂಡರಿಸುವುದಿಲ್ಲ, ತಾನೇ ಪೂರ್ತಿ ಮಾಡುವುದೂ ಇಲ್ಲ.

ಎಲ್ಲರ ಸ್ಕ್ಯಾನಿನಲ್ಲೂ ಗಾಯ ಕಾಣುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಮಿದುಳಿನ ರಚನೆ ಸರಿಯಿದ್ದು ಅದು ಕೆಲಸ ಮಾಡುವ ರೀತಿಯಲ್ಲಿ ಏರುಪೇರಾದಾಗಲೂ ಧಾಟಿ ಬದಲಾಗಬಹುದು. ಅಂಥವರನ್ನು ನಟಿಸುತ್ತಿದ್ದಾರೆ ಎನ್ನುವುದು ಅನ್ಯಾಯ. ಅವರಿಗೂ ಚಿಕಿತ್ಸೆಯಿದೆ, ಗುಣವಾದವರೂ ಇದ್ದಾರೆ.

ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನಾವೆಲ್ಲ ವರ್ಷಗಳಿಂದ ಕೇಳುತ್ತಿದ್ದೇವೆ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ 4.5 ಗಂಟೆಯೊಳಗೆ ಕೊಡಬೇಕು. ಇಲ್ಲಿಂದ ಅರೆಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅದರ ಬಹುಪಾಲು ಮುಗಿದಿರುತ್ತದೆ. ಆ ಬೇಡಿಕೆಯ ಪಟ್ಟಿಯಲ್ಲಿ ವಾಕ್ ಚಿಕಿತ್ಸೆಯೂ ಸೇರಲಿ, ಜೀವ ಉಳಿದ ಮೇಲೆ ಮಾತಿಗಾಗಿ ಜನ ಮತ್ತೆ ಘಟ್ಟ ಹತ್ತುವಂತಾಗಬಾರದು.

ನಿಮ್ಮ ಮನೆಯಲ್ಲಿ ಯಾರದಾದರೂ ಮಾತು ಇದ್ದಕ್ಕಿದ್ದಂತೆ ತೊದಲಿದರೆ ಅಥವಾ ಧಾಟಿ ಬದಲಾದರೆ, ನಾಳೆ ನೋಡೋಣ ಎನ್ನದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಈಗಾಗಲೇ ಇಂಥ ತೊಂದರೆಯಲ್ಲಿ ಇರುವವರು ಅಥವಾ ಅವರ ಮನೆಯವರು ನನಗೆ ಬರೆಯಿರಿ. ಫೋನಿನಲ್ಲಿ ಮಾತಾಡುವ ಮನಸ್ಸಿದ್ದರೂ ಸರಿ, ಎಷ್ಟು ಹೊತ್ತಾದರೂ ಕೇಳಿಸಿಕೊಳ್ಳುತ್ತೇನೆ.