ಆಕಾಶದಲ್ಲಿ ಮಾವನ ಬಿಳಿ ಪಂಚೆ

ಹೆಲಿಕಾಪ್ಟರಿನಿಂದ ವಿಡಿಯೋ ತೆಗೆಯೋರಿಗೆ ಬೆಳಕು ಪುಕ್ಕಟೆ. ಲೈಟ್ ಹಿಡಿಯೋ ಹುಡುಗ ಬೇಡ, ಜನರೇಟರ್ ಬೇಡ, ಸೂರ್ಯ ಒಬ್ಬನಿದ್ದರೆ ಸಾಕು. ತೊಂದರೆ ಏನಂದ್ರೆ, ಆ ಸೂರ್ಯ ನಮ್ಮ ಟಿಕೆಟ್ ನೋಡಿಕೊಂಡು ಬರೋದಿಲ್ಲ.

ದಸರಾ ಸಮಯದಲ್ಲಿ ಮೈಸೂರಿನ ಲಲಿತಮಹಲ್ ಹತ್ತಿರದ ಹೆಲಿಪ್ಯಾಡಿನಿಂದ ಊರು ತೋರಿಸೋ ಸುತ್ತಾಟ ಇರುತ್ತಲ್ಲ, ಅದಕ್ಕೆ ಸೋದರಮಾವ ಟಿಕೆಟ್ ತೆಗೆದಿದ್ದರು. ಮಧ್ಯಾಹ್ನ ಹನ್ನೆರಡೂವರೆಗೆ! "ಆಗ ರಶ್ ಇರಲ್ಲ ಕಣೋ" ಅನ್ನೋದು ಅವರ ಲೆಕ್ಕ. ಬೆಟ್ಟಗುಡ್ಡ ಚೆನ್ನಾಗಿ ಕಾಣಬೇಕಾದರೆ ಬಿಸಿಲು ಪಕ್ಕದಿಂದ ಬೀಳಬೇಕು. ನೆರಳು ಉದ್ದಕ್ಕೆ ಚಾಚಿದಾಗಲೇ ಏರು ಯಾವುದು, ಹಳ್ಳ ಯಾವುದು ಅಂತ ಗೊತ್ತಾಗೋದು. ನೆತ್ತಿ ಮೇಲಿನ ಬಿಸಿಲಿನಲ್ಲಿ, ಸಾವಿರ ಮೆಟ್ಟಿಲು ಹತ್ತಿಸಿ ನಮ್ಮ ಮಂಡಿ ಕಳಚುವ ಚಾಮುಂಡಿ ಬೆಟ್ಟವೂ ಕಾವಲಿ ಮೇಲಿನ ದೋಸೆಯಷ್ಟು ಚಪ್ಪಟೆ.

ಇನ್ನು ಕಿಟಕಿ. ಒಳಗಿನ ತಿಳಿ ಬಣ್ಣದ ವಸ್ತುಗಳೆಲ್ಲ ಅದರಲ್ಲಿ ಪ್ರತಿಫಲಿಸುತ್ತವೆ. ಅದಕ್ಕೇ ವಿಡಿಯೋ ತೆಗೆಯೋರು ಕಪ್ಪು ಬಟ್ಟೆ ಹಾಕಿಕೊಳ್ಳೋದು. ನಾನೂ ಕಪ್ಪಂಗಿ ತೊಟ್ಟು ಹೊರಟೆ. ಅತ್ತೆ ಬಾಗಿಲಲ್ಲೇ ತಡೆದರು. "ಹಬ್ಬದ ದಿನ ಯಾರಾದ್ರೂ ಕಪ್ಪು ಹಾಕ್ಕೋತಾರೇನೋ?" ಪ್ರತಿಫಲನ, ಅದನ್ನು ತಗ್ಗಿಸೋಕೆ ಲೆನ್ಸಿಗೆ ಹಾಕೋ ಪೋಲರೈಸರ್ ಫಿಲ್ಟರ್ ಅಂತೆಲ್ಲ ವಿವರಿಸಿದೆ. "ಅದೆಲ್ಲ ನಾಳೆ ಮಾಡು" ಅಂದರು. ಕೊನೆಗೆ ಹೇಗೋ ತಪ್ಪಿಸಿಕೊಂಡೆ. ಆದರೆ ಮಾವ? ಗರಿಗರಿ ಬಿಳಿ ಪಂಚೆ, ಬಿಳಿ ಅಂಗಿ, ಮೇಲೆ ಜರಿ ಶಲ್ಯ.

ಹೆಲಿಕಾಪ್ಟರಿನಲ್ಲಿ ಕೂರೋ ಜಾಗ ನಮ್ಮಿಷ್ಟದ್ದಲ್ಲ, ತೂಕದ್ದು. ಎಲ್ಲರನ್ನೂ ತೂಗಿ, ಭಾರ ಸಮ ಆಗೋ ಹಾಗೆ ಕೂರಿಸಿದರು. ಮಾವನಿಗೆ ಕಿಟಕಿ ಸಿಕ್ಕಿತು, ಕಡ್ಡಿಯಂಥ ನನಗೆ ನಡುವಿನ ಸೀಟು.

ಮೇಲೆದ್ದ ಕೂಡಲೇ ಕಿಟಕಿ ತುಂಬ ಪಂಚೆ. ಪೋಲರೈಸರ್ ತಿರುಗಿಸಿದೆ. ಕಿಟಕಿ ಗಾಜಿನದ್ದಲ್ಲ, ಪ್ಲಾಸ್ಟಿಕ್. ಅದರ ಮೂಲಕ ಪೋಲರೈಸರ್ ಹಿಡಿದರೆ ಕಾಮನಬಿಲ್ಲಿನ ಪಟ್ಟೆಗಳು ಏಳುತ್ತವೆ. ಈಗ ಪಂಚೆಗೂ ಬಣ್ಣ ಬಂತು. ಅದೂ ಸಾಲದು ಅಂತ, ಸೂರ್ಯ ರೆಕ್ಕೆಗಳ ಮೇಲೆಯೇ ಇದ್ದದ್ದರಿಂದ ಅವು ತಿರುಗಿದಂತೆಲ್ಲ ನೆರಳು ಬಿದ್ದು ವಿಡಿಯೋ ಪೂರ್ತಿ ಮಿಣಮಿಣ. ನಡುಕ ಕ್ಯಾಮೆರಾಗೆ ಹತ್ತದಿರಲಿ ಅಂತ ಮೊಣಕೈಯನ್ನು ಎಲ್ಲಿಗೂ ಊರದೆ ಮೈಗೆ ಒತ್ತಿ ಹಿಡಿದಿದ್ದೆ. ಆ ಮೊಣಕೈಗೇ ತಿವಿದು ಮಾವ ಕೂಗಿದರು, "ಅಲ್ನೋಡೋ, ಕಾರಂಜಿ ಕೆರೆ!" ಕೆರೆ ಬಿಟ್ಟು ಸೀಟಿನ ಬೆಲ್ಟ್ ಸ್ಪಷ್ಟವಾಗಿ ದಾಖಲಾಯಿತು.

ಮುಂದೆ ಅರಮನೆ. 1912ರಲ್ಲಿ ಮುಗಿದ ಕಟ್ಟಡ, ಮೇಲಿನಿಂದ ಅದರ ಗುಮ್ಮಟಗಳು ಎಷ್ಟು ಚೆಂದ ಅಂತೀರಿ! ಸಂಜೆ ಸುಮಾರು ಒಂದು ಲಕ್ಷ ಬಲ್ಬು ಹೊತ್ತಿಕೊಳ್ಳುತ್ತವೆ. ಅಷ್ಟು ಹೊತ್ತಿಗೆ ನಮ್ಮ ಸುತ್ತಾಟ ಮುಗಿದು ಊಟವಾಗಿ ನಿದ್ದೆಯೂ ಆಗಿತ್ತು ಅನ್ನೋದು ಬೇರೆ ಮಾತು. ನನ್ನ ವಿಡಿಯೋದಲ್ಲಿ ದೊಡ್ಡ ಗುಮ್ಮಟಕ್ಕೆ ಜರಿ ಅಂಚಿನ ಶಲ್ಯ ಹೊದಿಸಿ ಸನ್ಮಾನ ಮಾಡಿದ ಹಾಗಿದೆ.

ಮಾವ ಮಾತ್ರ ಮೊಬೈಲನ್ನು ಕಿಟಕಿಗೆ ಅಂಟಿಸಿ ತಮ್ಮ ಮನೆ ತಾರಸಿಯನ್ನು ತೆಗೆದಿದ್ದರು. ಪಂಚೆ ಇಲ್ಲ, ಪಟ್ಟೆ ಇಲ್ಲ. ರಾತ್ರಿ ಮನೆಮಂದಿಯೆಲ್ಲ ಅದನ್ನೇ ಮತ್ತೆ ಮತ್ತೆ ನೋಡಿದರು. ಅತ್ತೆ ಕನ್ನಡಕ ಏರಿಸಿ, ಬೆರಳಲ್ಲಿ ಚಿತ್ರ ಹಿಗ್ಗಿಸಿ ಕೇಳಿದರು:

"ರೀ, ನೀರಿನ ಟ್ಯಾಂಕಿನ ಮುಚ್ಚಳ ಯಾಕೆ ತೆಗೆದೇ ಇದೆ?"

ಮಾವ ಟಾರ್ಚ್ ಹಿಡಿದು ತಾರಸಿಗೆ ಹೋದರು.