ಕಾಲು ಕೊಟ್ಟವರು

ದಾರಿಯ ನಡುವೆ ಮೋಟಾರ್‌ಸೈಕಲ್ ಕೆಟ್ಟು ನಿಂತರೆ ಅದು 'ಕೈ ಕೊಟ್ಟಿತು' ಎನ್ನುವುದು ನಮ್ಮ ಮಾತಿನ ವಾಡಿಕೆ. ಕೈ ಕೊಡುವುದೆಂದರೆ ಬಿದ್ದವರನ್ನು ಎತ್ತಲು ನೆರವಾಗುವುದೂ ಹೌದು, ನಂಬಿದವರನ್ನು ನಡುನೀರಿನಲ್ಲಿ ಬಿಡುವುದೂ ಹೌದು. ಎದುರುಬದುರಾದ ಎರಡು ಅರ್ಥಗಳು ಒಂದೇ ಮಾತಿನಲ್ಲಿ ಜಗಳವಿಲ್ಲದೆ ಸಂಸಾರ ಮಾಡಿಕೊಂಡಿವೆ. ಆದರೆ ವಾಹನ ಕೈ ಕೊಟ್ಟ ಜಾಗಕ್ಕೆ ಎಲ್ಲಿಂದಲೋ ಬಂದು ನಿಲ್ಲುವ ಅಪರಿಚಿತ ಸವಾರ ಬಹಳ ಸಲ ಕೊಡುವುದು ಕೈಯನ್ನಲ್ಲ, ಕಾಲನ್ನು. ತನ್ನ ಬೈಕಿನ ಮೇಲೆ ಕುಳಿತಂತೆಯೇ ಒಂದು ಕಾಲನ್ನು ಚಾಚಿ, ನಮ್ಮ ಬೈಕಿನ ಹಿಂಬದಿಯ ಫುಟ್‌ರೆಸ್ಟಿಗೆ ಅಂಗಾಲನ್ನು ಒತ್ತಿ, 'ಹ್ಯಾಂಡಲ್ ನೇರ ಹಿಡ್ಕೊಳ್ಳಿ, ಬ್ರೇಕ್ ಮುಟ್ಟಬೇಡಿ' ಎಂದಷ್ಟೇ ಹೇಳಿ, ತನ್ನ ಆಕ್ಸಿಲರೇಟರನ್ನು ತಿರುಗಿಸುತ್ತಾನೆ. ಅಷ್ಟು ಹೊತ್ತು ಹೆಣಭಾರವಾಗಿ ನಿಂತಿದ್ದ ನಮ್ಮ ಗಾಡಿ ಸದ್ದಿಲ್ಲದೆ ಮುಂದಕ್ಕೆ ಹೊರಡುತ್ತದೆ.

ಹೀಗೆ ತಳ್ಳಿಸಿಕೊಂಡು ಹೋದವರಿಗೆ ಮಾತ್ರ ಅದರ ಸ್ವಾರಸ್ಯ ಗೊತ್ತು. ವಾಹನ ಎರಡು, ಚಕ್ರ ನಾಲ್ಕು, ಎಂಜಿನ್ ಒಂದೇ. ನ್ಯೂಟ್ರಲಿನಲ್ಲಿರುವ ಗಾಡಿಯ ಮೇಲೆ ಕುಳಿತವನಿಗೆ ತನ್ನದೇ ಚೈನಿನ ಕಿರುಗುಟ್ಟುವಿಕೆ, ಟೈರಿನ ಕೆಳಗೆ ಜಾರುವ ಮರಳಿನ ಸದ್ದು, ಇಷ್ಟು ದಿನ ಎಂಜಿನ್ನಿನ ಗದ್ದಲದಲ್ಲಿ ಕೇಳಿಸದೇ ಇದ್ದ ಇನ್ನೂ ಏನೇನೋ ಕೇಳಿಸುತ್ತವೆ. ಒತ್ತಡ ಒಂದು ಮಗ್ಗುಲಿನಿಂದ ಬರುವುದರಿಂದ ಮುಂದಿನ ಬೈಕು ಇನ್ನೊಂದು ಬದಿಗೆ ಎಳೆಯುತ್ತದೆ, ಅದನ್ನು ಹ್ಯಾಂಡಲಿನಲ್ಲಿಯೇ ಸರಿದೂಗಿಸಬೇಕು. ಇಳಿಜಾರು ಬಂದಾಗ ಕಾಲು ತಪ್ಪಿಹೋಗುತ್ತದೆ, ಏರಿನಲ್ಲಿ ಮತ್ತೆ ಬಂದು ಸೇರಿಕೊಳ್ಳುತ್ತದೆ. ಇದು ಅಪಾಯವಿಲ್ಲದ ವಿದ್ಯೆಯಲ್ಲ. ವಾಹನಗಳು ವೇಗವಾಗಿ ಸಾಗುವ ಹೆದ್ದಾರಿಯಲ್ಲಿ ಮಾಡತಕ್ಕದ್ದಂತೂ ಅಲ್ಲ, ಸಂಚಾರ ಪೊಲೀಸರು ಕಂಡರೆ ಮೆಚ್ಚುವಂಥದ್ದೂ ಅಲ್ಲ. ಆದರೂ ಹೆಸರು, ಊರು, ಮುಖ ಯಾವುದೂ ಗೊತ್ತಿಲ್ಲದ ಒಬ್ಬ ಮನುಷ್ಯನ ಪಾದವನ್ನು ನಂಬಿ ನಾನು ಒಮ್ಮೆ ಮೂರು ಕಿಲೋಮೀಟರ್ ಹೋಗಿದ್ದೇನೆ. ಮೆಕಾನಿಕ್ಕಿನ ಬಾಗಿಲು ಮುಟ್ಟಿದ ಮೇಲೆ ಧನ್ಯವಾದ ಹೇಳಲು ತಿರುಗಿ ನೋಡಿದರೆ ಆ ಪಾದ ಆಗಲೇ ಗೇರು ಬದಲಿಸುತ್ತಾ ದೂರ ಹೋಗುತ್ತಿತ್ತು.

ಬೈಕಿನವರು ಕಾರಿನವರಿಗಿಂತ ಒಳ್ಳೆಯವರು ಎಂದು ನಾನು ಹೇಳಹೊರಟಿಲ್ಲ. ನಾನು ಎರಡನ್ನೂ ಓಡಿಸುವವನು, ಮತ್ತು ಕಾರಿನೊಳಗೆ ಕುಳಿತೊಡನೆ ನನ್ನ ಸ್ವಭಾವ ಒಂದು ಸುತ್ತು ಗಟ್ಟಿಯಾಗುವುದನ್ನು ನಾನೇ ಗಮನಿಸಿದ್ದೇನೆ. ಗಾಜು ಏರಿಸಿದ ಕಾರಿನಿಂದ ನೋಡಿದಾಗ ರಸ್ತೆಯ ಬದಿಯಲ್ಲಿ ಪೇಚಾಡುತ್ತಿರುವವನು ಒಂದು ದೃಶ್ಯ ಮಾತ್ರ. ಅವನ ಬೆವರಿಗೂ ನನ್ನ ತಂಪಿಗೂ ನಡುವೆ ಸಂಬಂಧವೇ ಇರುವುದಿಲ್ಲ. ಬೈಕಿನ ಮೇಲಿದ್ದಾಗ ಅವನ ತಲೆಯ ಮೇಲಿನ ಬಿಸಿಲು ನನ್ನ ತಲೆಯ ಮೇಲೂ ಇರುತ್ತದೆ, ಅವನನ್ನು ತೋಯಿಸುವ ಮಳೆ ನನ್ನ ಕೊರಳಪಟ್ಟಿಯೊಳಗೂ ಇಳಿಯುತ್ತಿರುತ್ತದೆ, ಅವನು ಬೈದುಕೊಳ್ಳುವುದು ಕೂಡ ಸ್ಪಷ್ಟವಾಗಿ ಕೇಳಿಸುತ್ತದೆ. ಇನ್ನೊಂದು ಕಾರಣ ತೀರಾ ಸ್ಥೂಲವಾದದ್ದು: ಕಾರನ್ನು ನಿಲ್ಲಿಸಲು ಜಾಗ ಹುಡುಕಬೇಕು, ಬೈಕನ್ನು ನಿಲ್ಲಿಸಲು ಒಂದು ಮೊಳ ಅಂಚು ಸಾಕು. ಒಳ್ಳೆಯತನದ ಎಷ್ಟೋ ಭಾಗ ಪಾರ್ಕಿಂಗ್ ಅನುಕೂಲದ ಮೇಲೆ ನಿಂತಿದೆ ಎಂಬ ಅನುಮಾನ ನನಗಿದೆ.

ಇದಕ್ಕೆಲ್ಲ ಮೂಲ ಬಹುಶಃ ಬೈಕಿನ ಹುಟ್ಟುಗುಣದಲ್ಲೇ ಇದೆ. ಅದು ಓಡುವಾಗ ಮಾತ್ರ ತನ್ನಷ್ಟಕ್ಕೆ ನಿಲ್ಲಬಲ್ಲದು, ನಿಂತಾಗ ಬೀಳುತ್ತದೆ. 1885ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಕ್ ಸೇರಿ ಕಟ್ಟಿದ, ಮೋಟಾರ್‌ಸೈಕಲ್ಲುಗಳ ಮೂಲಪುರುಷ ಎನಿಸಿಕೊಂಡ ಮರದ ಚೌಕಟ್ಟಿನ 'ರೈಟ್‌ವಾಗನ್' ಬೀಳದಿರಲೆಂದು ಅದರ ಎರಡೂ ಮಗ್ಗುಲಿಗೆ ಒಂದೊಂದು ಪುಟ್ಟ ಚಕ್ರವನ್ನು ಇಟ್ಟಿದ್ದರು. ಮುಂದೆ ಆ ಪುಟ್ಟ ಚಕ್ರಗಳು ಮಾಯವಾದವು, ಅವುಗಳ ಕೆಲಸ ಸವಾರನ ಕಾಲಿಗೆ ಬಂತು. ಅಂದಿನಿಂದ ಇಂದಿನವರೆಗೆ ಪ್ರತಿಯೊಂದು ಸಿಗ್ನಲಿನಲ್ಲಿ, ಪ್ರತಿಯೊಂದು ಗುಂಡಿಯ ಮುಂದೆ ಸವಾರನು ನೆಲಕ್ಕೆ ಕಾಲೂರುತ್ತಲೇ ಇದ್ದಾನೆ. ದಿನಕ್ಕೆ ಐವತ್ತು ಸಲ ನಿಂತು ಕಾಲೂರಿ ಅಭ್ಯಾಸವಾದವನಿಗೆ ಐವತ್ತೊಂದನೆಯ ಸಲ ಬೇರೆಯವರಿಗಾಗಿ ಕಾಲೂರುವುದು ಅಷ್ಟು ದೊಡ್ಡ ಸಂಗತಿಯಾಗಿ ತೋರದೇ ಇರಬಹುದು.

ಆದರೂ ಎಲ್ಲರೂ ನಿಲ್ಲಿಸುವುದಿಲ್ಲ, ನಾನೂ ಎಲ್ಲ ಸಲ ನಿಲ್ಲಿಸಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ನಿಲ್ಲಿಸಲೇ, ಬೇಡವೇ ಎಂದು ಮೂರೇ ಸೆಕೆಂಡು ಯೋಚಿಸಿದರೂ 50 ಮೀಟರ್ ದಾಟಿರುತ್ತೇವೆ. ಆಮೇಲೆ ಆ ವಿಷಯ ನಿಲ್ಲಿಸುವುದಲ್ಲ, ಹಿಂದಿರುಗುವುದು. ಹಿಂದಿರುಗುವುದಕ್ಕೆ ನಿಲ್ಲಿಸುವುದಕ್ಕಿಂತ ಹೆಚ್ಚು ಕರುಣೆ ಬೇಕು. ಮನಸ್ಸಿನೊಳಗೆ ಕುಳಿತ ವಕೀಲನು ಆ 50 ಮೀಟರಿನಲ್ಲಿ ಎಷ್ಟು ವಾದ ಮಂಡಿಸುತ್ತಾನೆ! ಅವನು ಬರೀ ಫೋನಿನಲ್ಲಿ ಮಾತಾಡುತ್ತಿದ್ದಿರಬಹುದು, ಅವನಿಗೆ ಪರಿಚಯದವರು ಬರುತ್ತಿರಬಹುದು, ಅವನು ಕಳ್ಳನಿರಬಹುದು, ಹಿಂದೆ ಬರುತ್ತಿದ್ದ ಬೈಕಿನವನು ಹೇಗೂ ನಿಲ್ಲಿಸುತ್ತಾನೆ. ಕಳ್ಳನಿರಬಹುದೆಂಬ ವಾದ ಪೂರ್ತಿ ಪೊಳ್ಳೆಂದು ನಾನು ಹೇಳುವುದಿಲ್ಲ. ನಿರ್ಜನ ರಾತ್ರಿಯಲ್ಲಿ ತುಸು ಮುಂದೆ ನಿಂತು, ಎಂಜಿನ್ ಆರಿಸದೆ ವಿಚಾರಿಸುವುದು ಹೇಡಿತನವಲ್ಲ.

ಹಿಂದಿನವನು ಹೇಗೂ ನಿಲ್ಲಿಸುತ್ತಾನೆಂಬ ಕೊನೆಯ ವಾದವನ್ನು ಮಾತ್ರ ಮನಶ್ಶಾಸ್ತ್ರಜ್ಞರು ಅಳೆದೇ ನೋಡಿದ್ದಾರೆ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ನಡೆಸಿದ ಪ್ರಯೋಗದಲ್ಲಿ, ಕಣ್ಣಿಗೆ ಕಾಣದ ಒಬ್ಬನು ಮೂರ್ಛೆರೋಗದಿಂದ ಒದ್ದಾಡುವುದು ತನಗೊಬ್ಬನಿಗೇ ಕೇಳಿಸುತ್ತಿದೆ ಎಂದುಕೊಂಡವರಲ್ಲಿ ನೂರಕ್ಕೆ 85 ಮಂದಿ ನೆರವಿಗೆ ಎದ್ದರು. ಇನ್ನೂ ನಾಲ್ವರಿಗೆ ಕೇಳಿಸುತ್ತಿದೆ ಎಂದುಕೊಂಡವರಲ್ಲಿ ಅವನ ಕೂಗು ನಿಲ್ಲುವ ಮೊದಲು ಎದ್ದವರು ನೂರಕ್ಕೆ 31 ಮಾತ್ರ. 1973ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವಂತೂ ನಗು ತರಿಸುತ್ತದೆ. ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅವರು ಪ್ರಿನ್ಸ್‌ಟನ್ನಿನ ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿ, ದಾರಿಯಲ್ಲಿ ಕೆಮ್ಮುತ್ತಾ ಕುಸಿದು ಕುಳಿತ ಒಬ್ಬನನ್ನು ಇರಿಸಿದರು. ಸಮಯ ಬೇಕಾದಷ್ಟಿದೆ ಎಂದು ನಂಬಿದವರಲ್ಲಿ ನೂರಕ್ಕೆ 63 ಮಂದಿ ನೆರವಾದರು, ಆಗಲೇ ತಡವಾಗಿದೆ ಎಂದು ಅವಸರಪಡಿಸಿ ಕಳಿಸಿದವರಲ್ಲಿ ನೂರಕ್ಕೆ 10 ಮಾತ್ರ. ಆ ಎಲ್ಲ ವಿದ್ಯಾರ್ಥಿಗಳಲ್ಲಿ ಅರ್ಧ ಮಂದಿ ಮಾತಾಡಬೇಕಿದ್ದ ವಿಷಯವೇ, ದಾರಿಯಲ್ಲಿ ಬಿದ್ದಿದ್ದ ಪರಕೀಯನನ್ನು ಉಪಚರಿಸಿದ, ಬೈಬಲ್ಲಿನ ಸಮಾರ್ಯದವನ ಕಥೆ. ಆಫೀಸಿಗೆ ತಡವಾದ ಬೆಳಗ್ಗೆ ನಾನು ದಾಟಿ ಹೋದವರನ್ನೆಲ್ಲ ಈ ಅಂಕಿಯ ಮರೆಯಲ್ಲಿ ನಿಲ್ಲಿಸಿ ಸಮಾಧಾನಪಟ್ಟುಕೊಂಡಿದ್ದೇನೆ.

ನಿಲ್ಲಿಸುವವರ ಕಡೆಗೆ ಬರೋಣ. ಅವರೆಲ್ಲರ ಮೊದಲ ಪ್ರಶ್ನೆ ಜಗತ್ತಿನೆಲ್ಲೆಡೆ ಒಂದೇ ಇರಬೇಕು: 'ಪೆಟ್ರೋಲ್ ಇದೆಯಾ?' ಇದೆ ಎಂದರೆ ನಂಬುವುದಿಲ್ಲ. ಟ್ಯಾಂಕಿನ ಮುಚ್ಚಳ ತೆಗೆಸಿ, ಬೈಕನ್ನು ಅತ್ತಿತ್ತ ಅಲುಗಾಡಿಸಿ, ಒಳಗೆ ಗುಳುಗುಳು ಸದ್ದಾದ ಮೇಲೆಯೇ ಎರಡನೆಯ ಪ್ರಶ್ನೆ. ಆಮೇಲೆ, ನಾವು ನಲವತ್ತು ಸಲ ಒದ್ದು ಸೋತ ಕಿಕ್ಕರನ್ನು ಅವರೂ ಒದೆಯುತ್ತಾರೆ. ನಮ್ಮ ಕಾಲಿನಲ್ಲಿ ಇಲ್ಲದ ಅದೃಷ್ಟ ತಮ್ಮ ಕಾಲಿನಲ್ಲಿರಬಹುದೆಂಬ ಆಸೆ. ಅಷ್ಟರಲ್ಲಿ ಇನ್ನಿಬ್ಬರು ನಿಲ್ಲಿಸಿರುತ್ತಾರೆ. ಒಬ್ಬರು ಪ್ಲಗ್ ಬಿಚ್ಚಿ ಮಸಿ ಒರೆಸಬೇಕೆನ್ನುತ್ತಾರೆ, ಇನ್ನೊಬ್ಬರು ಬ್ಯಾಟರಿ ಹೋಗಿದೆ ಎಂದು ತೀರ್ಪು ಕೊಡುತ್ತಾರೆ. ಬೈಕಿನ ಯಜಮಾನನ ಅಭಿಪ್ರಾಯವನ್ನು ಈ ಹಂತದಲ್ಲಿ ಯಾರೂ ಕೇಳುವುದಿಲ್ಲ.

ನನ್ನನ್ನು ಇಂದಿಗೂ ನಾಚಿಸುವ ಪ್ರಸಂಗವೊಂದಿದೆ. ಇದ್ದಕ್ಕಿದ್ದಂತೆ ಆರಿಹೋದ ಬೈಕನ್ನು ಉರಿಬಿಸಿಲಿನಲ್ಲಿ ಒಂದು ಕಿಲೋಮೀಟರಿನಷ್ಟು ತಳ್ಳಿಕೊಂಡು ಹೋಗಿ, ಇನ್ನು ಆಗದೆಂದು ಮರದ ನೆರಳಿನಲ್ಲಿ ನಿಂತಿದ್ದೆ. ಹಿರಿಯರೊಬ್ಬರು ಹಳೆಯ ಸ್ಕೂಟರಿನಲ್ಲಿ ಬಂದು ನಿಲ್ಲಿಸಿದರು. ಪೆಟ್ರೋಲಿನ ಪ್ರಶ್ನೆಯನ್ನು ಕೂಡ ಕೇಳದೆ ಬೈಕಿನ ಸುತ್ತ ಒಮ್ಮೆ ನಡೆದು, ಬಲಗೈ ಹಿಡಿಯ ಪಕ್ಕದಲ್ಲಿರುವ ಕೆಂಪು ಸ್ವಿಚ್ಚನ್ನು ಹೆಬ್ಬೆರಳಿನಿಂದ ಒತ್ತಿ, 'ಈಗ ನೋಡಿ' ಎಂದರು. ತುರ್ತಿನಲ್ಲಿ ಎಂಜಿನ್ ಆರಿಸಲೆಂದೇ ಇಟ್ಟಿರುವ ಆ ಸ್ವಿಚ್ಚಿಗೆ ನನ್ನ ಕೈಗವಸು ಯಾವಾಗಲೋ ತಗುಲಿತ್ತು. ಬೈಕು ಮೊದಲ ಯತ್ನಕ್ಕೇ ಗುಡುಗಿತು. ಅವರು ನಗಲಿಲ್ಲ, 'ಇಷ್ಟೂ ಗೊತ್ತಾಗಲಿಲ್ಲವೇ' ಎನ್ನಲಿಲ್ಲ. 'ಕೆಲವು ಸಲ ಹಾಗಾಗುತ್ತೆ' ಎಂದು ತಮ್ಮ ಸ್ಕೂಟರಿನ ಕಡೆ ಹೋದರು. ರಿಪೇರಿಗಿಂತ ಆ ನಗದಿರುವಿಕೆ ದೊಡ್ಡ ಉಪಕಾರ. ಅವರ ಜಾಗದಲ್ಲಿ ನಾನಿದ್ದರೆ ಮನೆಗೆ ಹೋಗಿ ಹೇಳುವವರೆಗಾದರೂ ತಡೆದುಕೊಳ್ಳುತ್ತಿದ್ದೆನೋ ಇಲ್ಲವೋ.

ದಾರಿಯ ರಿಪೇರಿ ಒಂದು ಕಾಲಕ್ಕೆ ಎಲ್ಲರಿಗೂ ಅಷ್ಟಿಷ್ಟು ಬರುತ್ತಿದ್ದ ವಿದ್ಯೆ. ಕ್ಲಚ್ ವೈರ್ ತುಂಡಾದರೆ, ಗೇರು ಹಾಕಿದ ಬೈಕನ್ನು ಓಡಿಸಿ ತಳ್ಳಿ, ಎಂಜಿನ್ನಿನ ಸದ್ದು ಗಮನಿಸಿ, ಕ್ಲಚ್ ಇಲ್ಲದೆಯೇ ಗೇರು ಬದಲಿಸುತ್ತಾ ಮನೆ ಸೇರಬಹುದೆಂದು ನನಗೆ ಕಲಿಸಿದ್ದು ದಾರಿಯಲ್ಲಿ ನಿಲ್ಲಿಸಿದ ಒಬ್ಬ ಹೆಣ್ಣುಮಗಳು. ಕಾರ್ಬ್ಯುರೇಟರ್ ಇದ್ದ ಬೈಕುಗಳಲ್ಲಿ ಟ್ಯಾಂಕಿನ ಕೆಳಗಿನ ಪೈಪನ್ನು ಎಳೆದು, ನಲ್ಲಿ ತಿರುಗಿಸಿ, ಬಾಟಲಿಗೆ ಪೆಟ್ರೋಲ್ ಬಸಿದುಕೊಡುವುದು ಸುಲಭವಾಗಿತ್ತು. ಈಗಿನ ಫ್ಯೂಯಲ್ ಇಂಜೆಕ್ಷನ್ ಬೈಕುಗಳಲ್ಲಿ ಪಂಪು ಟ್ಯಾಂಕಿನ ಒಳಗೇ ಅಡಗಿದೆ, ತಿರುಗಿಸಲು ನಲ್ಲಿಯಿಲ್ಲ. ದಾನ ಮಾಡುವ ಮನಸ್ಸಿದ್ದರೂ ದಾರಿಯಿಲ್ಲ. ಸೆನ್ಸರ್ ಕೆಟ್ಟರೆ ಇಕ್ಕಳ, ಸ್ಪಾನರುಗಳಿಂದ ಏನೂ ಆಗದು. ಹಾಗೆಂದು ನಿಲ್ಲಿಸುವವರಿಗೆ ಕೆಲಸವೇ ಇಲ್ಲದಂತಾಗಿಲ್ಲ. ಕತ್ತಲಾದ ಮೇಲೆ ಕೆಟ್ಟ ಬೈಕಿನ ಹಿಂದೆ, ರಸ್ತೆಯಿಂದ ಆಚೆಗೆ, ತಮ್ಮ ಬೈಕನ್ನು ನಿಲ್ಲಿಸಿ ಇಂಡಿಕೇಟರ್ ಮಿನುಗಿಸುತ್ತಾ ಕಾಯುವವರಿದ್ದಾರೆ. ಅವರು ಏನನ್ನೂ ರಿಪೇರಿ ಮಾಡುವುದಿಲ್ಲ. ಲಾರಿಗಳು ಹತ್ತಿರದಲ್ಲೇ ಭರ್ರನೆ ಹಾದುಹೋಗುವಾಗ ಆ ಹಳದಿ ಮಿನುಗು ಎಂಥ ಧೈರ್ಯ ಕೊಡುತ್ತದೆಂಬುದನ್ನು ಅನುಭವಿಸಿಯೇ ತಿಳಿಯಬೇಕು.

ಸವಾರರ ನಡುವೆ ಮಾತಿಲ್ಲದ ಒಂದು ಭಾಷೆಯೂ ಬೆಳೆದಿದೆ. ಬೈಕಿನ ಪಕ್ಕದಲ್ಲಿ ಹೆಲ್ಮೆಟನ್ನು ನೆಲದ ಮೇಲೆ ಇಟ್ಟಿದ್ದರೆ ನೆರವು ಬೇಕಾಗಿದೆ ಎಂದು ಹಲವು ದೇಶಗಳ ಬೈಕಿನವರು ಅರ್ಥ ಮಾಡಿಕೊಳ್ಳುತ್ತಾರೆ. ಬಲಗೈ ಆಕ್ಸಿಲರೇಟರಿಗೆ ಮೀಸಲಾದ್ದರಿಂದ ಸಂಜ್ಞೆಗಳೆಲ್ಲ ಎಡಗೈಗೆ ಬಂದಿವೆ. ಫ್ರಾನ್ಸಿನಲ್ಲಂತೂ ದಾರಿ ಬಿಟ್ಟವರಿಗೆ ಬಲಗಾಲನ್ನು ಹೊರಕ್ಕೆ ಚಾಚಿ ಧನ್ಯವಾದ ಹೇಳುತ್ತಾರೆ. ನಮ್ಮಲ್ಲಿ ಯಾರಾದರೂ ನನ್ನತ್ತ ಹಾಗೆ ಕಾಲು ಚಾಚಿದರೆ ಜಗಳಕ್ಕೆ ಬಂದರೆಂದೇ ತಿಳಿದೇನು. ಇವೆಲ್ಲಕ್ಕಿಂತ ಚಿಕ್ಕ ಉಪಕಾರವೆಂದರೆ ಸೈಡ್ ಸ್ಟ್ಯಾಂಡ್ ಎತ್ತದೆ ಹೋಗುತ್ತಿರುವವನನ್ನು ಬೆನ್ನಟ್ಟಿ 'ಸ್ಟ್ಯಾಂಡ್, ಸ್ಟ್ಯಾಂಡ್!' ಎಂದು ಕೂಗುವುದು. ಸ್ಟ್ಯಾಂಡ್ ಇಳಿದಿದ್ದರೆ ಗೇರು ಹಾಕಿದೊಡನೆ ಎಂಜಿನ್ ತಾನೇ ಆರಿಹೋಗುವ ಏರ್ಪಾಡು ಹೊಸ ಬೈಕುಗಳಲ್ಲಿ ಬಂದಿರುವುದರಿಂದ ಈ ಕೂಗು ಅಪರೂಪವಾಗುತ್ತಿದೆ. ಅಷ್ಟರಮಟ್ಟಿಗೆ ರಸ್ತೆ ಸುರಕ್ಷಿತವಾಯಿತು, ತುಸು ಮೂಕವೂ ಆಯಿತು.

ಅಪಘಾತದ ಮುಂದೆ ನಿಲ್ಲಿಸುವುದು ಮಾತ್ರ ಬೇರೆಯೇ ಸಂಗತಿ. ಅಲ್ಲಿ ಒಳ್ಳೆಯ ಮನಸ್ಸಿನ ಜೊತೆಗೆ ಸ್ವಲ್ಪ ತಿಳಿವಳಿಕೆಯೂ ಬೇಕು. ಬಿದ್ದವನಿಗೆ ಉಸಿರಾಟ ಸರಿಯಾಗಿದ್ದರೆ ಹೆಲ್ಮೆಟನ್ನು ಎಳೆದು ತೆಗೆಯಬಾರದು, ಕುತ್ತಿಗೆಗೆ ಪೆಟ್ಟಾಗಿದ್ದರೆ ಅದರಿಂದಲೇ ಕೇಡಾದೀತು. ಮುಂದಿನ ಗಾಜನ್ನು ಎತ್ತಿ ಮಾತಾಡಿಸಿದರೆ ಸಾಕು. ರಕ್ತ ಸೋರುವ ಜಾಗವನ್ನು ಶುಭ್ರವಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿಯಬೇಕು. ಅರೆಪ್ರಜ್ಞೆಯಲ್ಲಿರುವವನ ಬಾಯಿಗೆ ನೀರು ಹೊಯ್ಯಬಾರದು. ಇಬ್ಬರ ನಡುವೆ ಕೂರಿಸಿಕೊಂಡು ಬೈಕಿನಲ್ಲಿ ಸಾಗಿಸುವ ಸಾಹಸ ಎಷ್ಟೇ ಸದುದ್ದೇಶದ್ದಾದರೂ ಬೆನ್ನುಮೂಳೆಗೆ ಅದು ತಿಳಿಯದು. ಇಷ್ಟು ತಿಳಿದವರು ಕೂಡ ಬಹುಕಾಲ ಹಿಂಜರಿಯುತ್ತಿದ್ದುದು ಪೊಲೀಸು, ಸಾಕ್ಷಿ, ಕೋರ್ಟುಗಳ ಭಯದಿಂದ. ಜರ್ಮನಿಯ ದಂಡಸಂಹಿತೆಯ 323ಸಿ ಕಲಮಿನ ಪ್ರಕಾರ, ತನಗೆ ದೊಡ್ಡ ಅಪಾಯವಿಲ್ಲದಿದ್ದಾಗಲೂ ನೆರವಾಗದೆ ಹೋಗುವುದು ಒಂದು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧ. ಭಾರತದ ಕಾನೂನು ಬೇರೆ ದಾರಿ ಹಿಡಿದು, ಭಯವನ್ನು ತೆಗೆಯಲು ನೋಡಿದೆ: 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ, ಸದುದ್ದೇಶದಿಂದ ನೆರವಾದವರನ್ನು ಗಾಯಾಳುವಿಗೆ ಆದ ಹಾನಿಗೆ ಹೊಣೆ ಮಾಡದಂತೆ ರಕ್ಷಿಸುತ್ತದೆ. ಹೆದರಿಸಿ ನಿಲ್ಲಿಸುವುದಕ್ಕಿಂತ ಹೆದರಿಕೆ ಬಿಡಿಸಿ ನಿಲ್ಲಿಸುವುದೇ ನನಗೆ ಹಿಡಿಸುತ್ತದೆ, ಆದರೆ ಇದು ಪಂಡಿತರ ಚರ್ಚೆ.

ಇಷ್ಟೆಲ್ಲ ಯೋಚಿಸಿದ ಮೇಲೆ ಒಂದು ಸಂಜೆ, ಆ 50 ಮೀಟರಿನ ವಕೀಲನನ್ನು ಸೋಲಿಸಿಯೇ ಬಿಡುವುದೆಂದು ನಿಶ್ಚಯಿಸಿದೆ. ರಸ್ತೆಯ ಬದಿಯಲ್ಲಿ ಒಂದು ಬೈಕು ನಿಂತಿತ್ತು. ಅದರಾಚೆ ಪೊದೆಯ ಕಡೆಗೆ ಮುಖ ಮಾಡಿ, ತಲೆ ತಗ್ಗಿಸಿ ಒಬ್ಬರು ನಿಂತಿದ್ದರು. ಆ ತಗ್ಗಿದ ತಲೆಯಲ್ಲಿ ನನಗೆ ಜಗತ್ತಿನ ಹತಾಶೆಯೆಲ್ಲ ಕಂಡಿತು. ರೂಢಿಯಂತೆ ದಾಟಿ ಹೋದೆ, ರೂಢಿ ಮುರಿದು ಹಿಂದಿರುಗಿದೆ. ಸೀಟಿನ ಕೆಳಗಿನಿಂದ ಸ್ಪಾನರುಗಳ ಚೀಲವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ಸಾಧ್ಯವಾದಷ್ಟು ಆತ್ಮೀಯವಾದ ದನಿಯಲ್ಲಿ, 'ಏನಾಯ್ತು ಸರ್? ಏನಾದ್ರೂ ಸಹಾಯ ಬೇಕಾ?' ಎಂದು ಕೇಳಿದೆ.

ಅವರು ತಿರುಗಲಿಲ್ಲ. 'ಇದೊಂದು ಕೆಲಸ ನಾನೇ ಮಾಡ್ಕೋಬೇಕು ಸ್ವಾಮಿ,' ಎಂದರು, 'ನೀವು ಹೊರಡಿ.'