ಬೋರ್ಡಿನ ಮೇಲಿನ ಉಡುಪಿ

ಚಿಕ್ಕವನಿದ್ದಾಗ ‘ಉಡುಪಿ’ ಅಂದರೆ ಯಾರೋ ಸಾಹುಕಾರನ ಹೆಸರು ಅಂದುಕೊಂಡಿದ್ದೆ. ವಿಜಯಪುರದಲ್ಲಿ ಎತ್ತ ನೋಡಿದರೂ ಅವನದೇ ಬೋರ್ಡು. ಇಷ್ಟು ಹೋಟೆಲ್ ಇಟ್ಟವನ ಹತ್ತಿರ ಎಷ್ಟು ರೊಕ್ಕ ಇರಬೇಕು! ಅದು ಊರಿನ ಹೆಸರು ಅಂತ ಗೊತ್ತಾದಾಗ ಸ್ವಲ್ಪ ನಿರಾಸೆಯೇ ಆಯಿತು.

ನನ್ನ ತಪ್ಪು ಅಷ್ಟೇನೂ ದೊಡ್ಡದಲ್ಲ. ಇದೂ ಒಂದು ಚೈನ್ ಹೋಟೆಲ್ಲೇ, ಮಾಲಕನಿಲ್ಲ ಅಷ್ಟೇ. ರುಚಿ ಬಂದದ್ದು ಕೃಷ್ಣ ಮಠದ ಅಡುಗೆಯಲ್ಲಿ ಪಳಗಿದ ಕೈಗಳಿಂದ. 1923ರ ನೆರೆ ಕರಾವಳಿಯ ಎಷ್ಟೋ ಹುಡುಗರನ್ನು ಊರು ಬಿಡಿಸಿತು. ಹೋದಲ್ಲಿ ಲೋಟ ತೊಳೆದರು, ಹಿಟ್ಟು ರುಬ್ಬಿದರು, ಪುಣ್ಯವಿದ್ದವರು ಗಲ್ಲಾದಲ್ಲಿ ಕೂತರು. ಮದ್ರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೃಷ್ಣರಾಯರೂ ಹಿಟ್ಟು ರುಬ್ಬಿಯೇ ಮೇಲೆ ಬಂದವರು. 1942ರಲ್ಲಿ ಮುಂಬೈನ ಮಾತುಂಗದಲ್ಲಿ ರಾಮ ನಾಯಕರು ಊಟದ ಬೋರ್ಡಿಂಗ್ ಇಟ್ಟರು. ಆಗ ನಮ್ಮ ಜಿಲ್ಲೆಯೂ ಮುಂಬೈ ಆಡಳಿತದ್ದೇ, 1956ರವರೆಗೆ.

ನಮ್ಮೂರಿಗೆ ಬಂದ ಉಡುಪಿ ಇಲ್ಲಿನ ನೀರು ಕುಡಿದು ಬದಲಾಯಿತು. ಇಡ್ಲಿ ಪಕ್ಕದಲ್ಲಿ ಸುಸಲಾ, ಮಿರ್ಚಿ ಬಂದವು. ಕೇಸರಿಬಾತು ಶಿರಾ ಆಯಿತು. ಸಾಂಬಾರಿನ ಬೆಲ್ಲ ಇಳಿಯಿತು, ಖಾರ ಏರಿತು. ಕಾಫಿ ಚಹಾದ ಮುಂದೆ ಸೋತಿತು. ಅಲ್ಲಿನ ‘ಮಾಣಿ’ ಇಲ್ಲಿ ‘ತಮ್ಮಾ’ ಆದ. ರೊಟ್ಟಿ ಗೊಡವೆಗೆ ಮಾತ್ರ ಹೋಗಲಿಲ್ಲ. ನಾನು ಹೋಗುವ ಹೋಟೆಲಿನಲ್ಲಿ ಒಬ್ಬರು ಮಧ್ಯಾಹ್ನ ಕೇಳಿದರು, “ಯಜಮಾನರ, ರೊಟ್ಟಿ ಅದಾವೇನ್ರಿ?”

“ಅದು ಖಾನಾವಳಿದವ್ರ ಅನ್ನ ರೀ, ನಾವ್ ಕಸಗೊಬಾರದು,” ಅಂದರು ಮಾಲಕರು. ಅಷ್ಟರಲ್ಲಿ ಫೋನ್ ಬಂತು. ಅದರಲ್ಲಿ ಪೂರಾ ತುಳು! ಮೂವತ್ತು ವರ್ಷದಿಂದ ನಮ್ಮ ಹಾಗೇ ಮಾತಾಡುವ ಮನುಷ್ಯ, ಫೋನ್ ಇಟ್ಟ ಮೇಲೂ ಅರ್ಧ ನಿಮಿಷ ಬೇರೆ ಯಾರೋ ಆಗಿ ಕಂಡರು.

ಇವರಿಗೂ ಒಮ್ಮೆ ಬೆಂಗಳೂರಿನ ಗಾಳಿ ಬಡಿಯಿತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂದ ಮೇಲೆ ಅಲ್ಲಿ ಕೂಪನ್ ತಗೊಂಡು ನಿಂತು ತಿನ್ನುವ ಪದ್ಧತಿ ಹಬ್ಬಿತಲ್ವಾ? ಇವರೂ ಎರಡು ವರ್ಷದ ಕೆಳಗೆ ಬೆಂಚು ತೆಗೆದು, ಎದೆಮಟ್ಟದ ಸ್ಟೀಲ್ ಟೇಬಲ್ ಹಾಕಿಸಿದರು. ಆದರೆ ನಮ್ಮಲ್ಲಿ ಚಹಾ ಐದು ನಿಮಿಷ, ಮಾತು ಒಂದು ತಾಸು. ನಿಂತು ಹೇಗೆ ಮುಗಿದೀತು? ಮೊದಲ ದಿನ ಎಲ್ಲರೂ ಮೊಣಕೈ ಊರಿ ನಿಂತರು. ಎರಡನೇ ದಿನ ಕಟ್ಟೆ ಮೇಲೆ ಕೂತರು. ಆಮೇಲೆ ಪಕ್ಕದ ಅಂಗಡಿಯವರು ತಮ್ಮ ಪ್ಲಾಸ್ಟಿಕ್ ಕುರ್ಚಿ ಹೊತ್ತು ತಂದರು. ವಾರದಲ್ಲಿ ಐದು ಕುರ್ಚಿ ಆದವು. ಮಾಲಕರು ಏನೂ ಅನ್ನಲಿಲ್ಲ. ಒಂದು ಸೋಮವಾರ ಹೋದರೆ ಹಳೇ ಬೆಂಚುಗಳು ಧೂಳು ಒರೆಸಿಕೊಂಡು ತಮ್ಮ ಜಾಗದಲ್ಲಿದ್ದವು.

ಸ್ಟೀಲ್ ಟೇಬಲ್ ಇನ್ನೂ ಇದೆ. ಅದರ ಮೇಲೆ ನಾವು ಹೆಲ್ಮೆಟ್ ಇಡುತ್ತೇವೆ.